ಸೂಜಿ ಹಿಡಿದ ಕೈಗೆ ಸ್ಪ್ಯಾನರು

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಮಗಳು ನನ್ನ ಮುಂದೆ ಎರಡು ಪುಸ್ತಕ ಇಟ್ಟಳು. ಅಂಗಡಿಯಲ್ಲಿ ಕೊಂಡವಲ್ಲ. ಕಂಪ್ಯೂಟರಿನಿಂದ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿ ತಂದವು. "ಅಮ್ಮಾ, ನಿನ್ನ ಸೈಕಲ್ ಹುಚ್ಚಿಗೆ ಇವು" ಎಂದಳು. ಎರಡನ್ನೂ ಬರೆದವರು ಅಮೆರಿಕದ ಹೆಂಗಸರು. ಒಂದು 1895ರಲ್ಲಿ ಬಂದ ಫ್ರಾನ್ಸಿಸ್ ವಿಲ್ಲರ್ಡ್ ಅವರ 'ಎ ವ್ಹೀಲ್ ವಿದಿನ್ ಎ ವ್ಹೀಲ್'. ಇನ್ನೊಂದು ಅದರ ಮರುವರ್ಷ, 1896ರಲ್ಲಿ, ನ್ಯೂಯಾರ್ಕಿನಲ್ಲಿ ಅಚ್ಚಾದ ಮರಿಯಾ ವಾರ್ಡ್ ಅವರ 'ಬೈಸಿಕ್ಲಿಂಗ್ ಫಾರ್ ಲೇಡೀಸ್'. ನನ್ನ ಬಿ.ಎ. ಇಂಗ್ಲಿಷಿನ ಮೇಲೆ ತುಕ್ಕು ಹಿಡಿದು ಬಹಳ ದಿನವಾಗಿದೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಮಧ್ಯಾಹ್ನದ ನಿದ್ದೆ ಬಿಟ್ಟು, ರಜೆ ಮುಗಿಯುವುದರೊಳಗೆ ಎರಡನ್ನೂ ಓದಿದೆ. ಓದಿದ ಮೇಲೆ ಎರಡರ ಬಗೆಗೂ ನನಗೆ ಒಂದೊಂದು ತಕರಾರು ಹುಟ್ಟಿತು. ಅದನ್ನು ಇಲ್ಲಿ ಹೇಳಿಕೊಳ್ಳುತ್ತೇನೆ.

ಮೊದಲು ವಿಲ್ಲರ್ಡ್. ಈಕೆ ಮದ್ಯಪಾನ ವಿರೋಧಿ ಚಳವಳಿಯ ದೊಡ್ಡ ನಾಯಕಿ. ಅದಕ್ಕೂ ಮೊದಲು ನಮ್ಮ ಹಾಗೆ ಪಾಠ ಹೇಳಿದವರು. 1892ರಲ್ಲಿ ತಾಯಿ ತೀರಿಕೊಂಡರು. ಆಮೇಲೆ ಮೈ, ಮನಸ್ಸು ಎರಡೂ ಸೋತು ಇಂಗ್ಲೆಂಡಿನಲ್ಲಿ ಗೆಳತಿಯ ಮನೆಯಲ್ಲಿದ್ದಾಗ ಸೈಕಲ್ ಕಲಿಯಲು ಹೊರಟರು. ಆಗ ಅವರ ವಯಸ್ಸು ಐವತ್ತಮೂರು! ದಿನಕ್ಕೆ ಕಾಲು ಗಂಟೆಯಂತೆ ಸುಮಾರು ಮೂರು ತಿಂಗಳ ಅಭ್ಯಾಸ. ಸೈಕಲ್ಲಿಗೆ ಗ್ಲಾಡಿಸ್ ಎಂದು ಹೆಸರಿಟ್ಟು, ಮನೆಯ ಹಸುವಿನ ಬಗ್ಗೆ ಮಾತನಾಡುವ ಹಾಗೆ ಅದರ ಬಗ್ಗೆ ಮಾತನಾಡುತ್ತಾರೆ. ಭಯವನ್ನು ಗೆಲ್ಲುವುದು ಹೇಗೆ, ನೋಟವನ್ನು ಚಕ್ರದ ಮೇಲಿಡದೆ ದೂರಕ್ಕಿಡುವುದು ಹೇಗೆ, ನಗುವವರನ್ನು ನಗಲು ಬಿಡುವುದು ಹೇಗೆ, ಇದೆಲ್ಲ ಈ ಪುಸ್ತಕದಲ್ಲಿದೆ. ಅದೇ ವಯಸ್ಸಿನಲ್ಲಿರುವ ನಾನು ಒಂದೇ ಕೂರಿಕೆಗೆ ಅರ್ಧ ಪುಸ್ತಕ ಓದಿದೆ. ಹೆಂಗಸರಿಗೆ ಧೈರ್ಯ ಹೇಳುವ ಪುಸ್ತಕಗಳಲ್ಲಿ ಇದು ಉತ್ತಮವಾದದ್ದು ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಓದುತ್ತ ಓದುತ್ತ ನನ್ನೊಳಗೆ ಒಂದು ಪ್ರಶ್ನೆ ಕುಳಿತುಬಿಟ್ಟಿತು. ಈ ಗ್ಲಾಡಿಸ್ ಪಂಕ್ಚರ್ ಆದರೆ ಏನು ಮಾಡುತ್ತಿದ್ದರು? ಆಕೆ ಹತ್ತುವಾಗ ಸೈಕಲ್ ಹಿಡಿದುಕೊಳ್ಳಲು ಗಟ್ಟಿ ತೋಳಿನ ಮೂವರು ತರುಣರಿದ್ದರು. ಚಕ್ರ, ಚೈನು ನೋಡಿಕೊಳ್ಳುವುದಕ್ಕೂ ಯಾರೋ ಇದ್ದಿರಬೇಕು. ಪುಸ್ತಕದ ಕಾಳಜಿ ಅದಲ್ಲ ಎಂದು ನೀವು ಹೇಳಬಹುದು. ನಿಜ. ಆದರೂ ನನಗೆ ಆ ಪ್ರಶ್ನೆ ಬಿಡಲಿಲ್ಲ. ಬಿಡದೆ ಇರುವುದಕ್ಕೆ ಕಾರಣವಿದೆ.

ನಾನು ಪಾಠ ಮಾಡುವುದು ಹಿರಿಯೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ. ನಮ್ಮ ಸೀಮೆ ನೋಡಿದವರಿಗೆ ಗೊತ್ತು, ಅಲ್ಲಿ ಮಳೆ ಕಡಿಮೆ, ಜಾಲಿ ಹೆಚ್ಚು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರು ಮಾಡಿತು. ಅನಂತರ ಗಂಡುಮಕ್ಕಳಿಗೂ ಕೊಟ್ಟಿತು. ಕೊರೋನಾ ಬಂದ ಮೇಲೆ ಅದು ನಿಂತಿತು. ಆದರೆ ಆ ಮೊದಲ ವರ್ಷಗಳ ಸಂಭ್ರಮವನ್ನು ನಾನು ಕಣ್ಣಾರೆ ಕಂಡವಳು. ಎರಡು ಜಡೆ ಹಾಕಿಕೊಂಡ ಹುಡುಗಿಯರು ಸಾಲುಸಾಲಾಗಿ ಬೆಲ್ ಬಾರಿಸುತ್ತ ಶಾಲೆಯ ಗೇಟಿನೊಳಗೆ ಬರುತ್ತಿದ್ದರೆ ನಮ್ಮ ಎದೆಯೂ ಉಬ್ಬುತ್ತಿತ್ತು.

ಅವರಲ್ಲಿ ಒಬ್ಬಳು ನಾಲ್ಕು ಕಿಲೋಮೀಟರ್ ದೂರದ ಹಟ್ಟಿಯಿಂದ ಬರುತ್ತಿದ್ದಳು. ಹೆಸರು ಬೇಡ. ಲೆಕ್ಕದಲ್ಲಿ ಚುರುಕು. 2009ರಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ, ಒಂದು ಸೋಮವಾರ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಹೇಳಿ ಕಳಿಸಿದರೆ "ಸೈಕಲ್ ಪಂಕ್ಚರ್ ಆಗೈತಂತೆ ಮಿಸ್" ಎಂಬ ಉತ್ತರ ಬಂತು. ಪಂಕ್ಚರ್ ಹಾಕುವ ಅಂಗಡಿ ಇದ್ದದ್ದು ಹೋಬಳಿಯ ಬಸ್‌ಸ್ಟ್ಯಾಂಡಿನಲ್ಲಿ. ಅಪ್ಪ ಕೂಲಿಗೆ ಹೋಗುವವನು, ಅಣ್ಣನಿಗೆ ಪುರುಸೊತ್ತಿಲ್ಲ. ಗಂಡಸರು ಬೀಡಿ ಸೇದುತ್ತ ನಿಂತಿರುವ ಆ ಅಂಗಡಿಗೆ ಹುಡುಗಿ ಒಬ್ಬಳೇ ಸೈಕಲ್ ತಳ್ಳಿಕೊಂಡು ಹೋಗುವುದು ಮನೆಯವರಿಗೆ ಬೇಡ. ಎರಡು ವಾರವಾಯಿತು, ತಿಂಗಳಾಯಿತು. ನಾನು ಅವರ ಮನೆಗೆ ಹೋದಾಗ ಸೈಕಲ್ ದನದ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಸೀಟಿನ ಮೇಲೆ ಕೋಳಿ ಕೂತಿತ್ತು. ಹುಡುಗಿ ತಲೆ ತಗ್ಗಿಸಿ ನಿಂತಳು. ಮುಂದಿನ ವರ್ಷ ಮದುವೆ ಮಾಡಿದರು.

ಪಂಕ್ಚರ್ ಒಂದೇ ಕಾರಣ ಎಂದು ನಾನು ಹೇಳಲಾರೆ. ಬಡತನವಿತ್ತು, ಆತುರವಿತ್ತು. ಆದರೆ ಆ ದಿನ ಕೊಟ್ಟಿಗೆಯಲ್ಲಿ ನಿಂತು ನಾನು ಹತ್ತು ನಿಮಿಷ ಉಪದೇಶ ಮಾಡಿ ಬಂದೆ. ವಿದ್ಯೆಯ ಮಹತ್ವ ಹೇಳಿದೆ. ಆ ಚಕ್ರ ಬಿಚ್ಚಿ ಒಂದು ತೇಪೆ ಹಾಕುವುದು ನನಗೆ ಗೊತ್ತಿರಲಿಲ್ಲ. ಬಿ.ಎ., ಬಿ.ಇಡಿ. ಆದವಳಿಗೆ ಗೊತ್ತಿರಲಿಲ್ಲ! ಆ ನಾಚಿಕೆ ಇಂದಿಗೂ ಹೋಗಿಲ್ಲ.

ಈ ನಾಚಿಕೆಯನ್ನು ಕಟ್ಟಿಕೊಂಡೇ ನಾನು ಎರಡನೆಯ ಪುಸ್ತಕ ತೆರೆದದ್ದು. ಮರಿಯಾ ವಾರ್ಡ್ ನ್ಯೂಯಾರ್ಕಿನ ಪಕ್ಕದ ಸ್ಟೇಟನ್ ಐಲೆಂಡಿನವರು. ಅವರ ಗೆಳತಿ ಆಲಿಸ್ ಆಸ್ಟಿನ್ ಒಳ್ಳೆಯ ಛಾಯಾಗ್ರಾಹಕಿ. ಡೇಸಿ ಎಲಿಯಟ್ ಎಂಬ ವ್ಯಾಯಾಮಪಟುವನ್ನು ಸೈಕಲ್ ಮೇಲೆ ಕೂರಿಸಿ ಆಸ್ಟಿನ್ ತೆಗೆದ ಫೋಟೋಗಳನ್ನು ನೋಡಿಕೊಂಡೇ ಪುಸ್ತಕದ ಚಿತ್ರಗಳನ್ನು ಮಾಡಿದ್ದು. ಹೀಗೆ ಬರೆದವಳು, ಫೋಟೋ ತೆಗೆದವಳು, ಚಿತ್ರಕ್ಕೆ ನಿಂತವಳು, ಮೂವರೂ ಹೆಂಗಸರೇ.

ವಿಲ್ಲರ್ಡ್ ಅವರ ಪುಸ್ತಕದಂತೆ ಇದು ಮನಸ್ಸನ್ನು ಸೆಳೆಯುವುದಿಲ್ಲ. ಕಥೆಯಿಲ್ಲ, ನಗೆಯಿಲ್ಲ. ಟ್ರೈನಿಂಗ್ ಕಾಲೇಜಿನ ಕೈಪಿಡಿಯ ಹಾಗೆ ಅದನ್ನು ಮಾಡು, ಇದನ್ನು ಮಾಡಬೇಡ ಎಂದು ಹೇಳುತ್ತ ಹೋಗುತ್ತದೆ. ನಡುವೆ ಎರಡು ಸಲ ನಾನು ತೂಕಡಿಸಿದ್ದೂ ಉಂಟು. ಆದರೆ ಅರ್ಧ ದಾಟಿದ ಮೇಲೆ 'ಹೆಂಗಸರು ಮತ್ತು ಉಪಕರಣಗಳು' ಎಂಬ ಅಧ್ಯಾಯ ಬರುತ್ತದೆ. ಅದರ ಬೆನ್ನಿಗೇ ಉಪಕರಣಗಳನ್ನು ಬಳಸುವ ಬಗೆ ಬರುತ್ತದೆ. ಅಲ್ಲಿ ನಿದ್ದೆ ಹಾರಿಹೋಯಿತು. ಸೂಜಿ, ಕತ್ತರಿಯನ್ನು ಚೆನ್ನಾಗಿ ಹಿಡಿಯಬಲ್ಲ ಕೈ ಬೇರೆ ಉಪಕರಣಗಳನ್ನೂ ಹಿಡಿಯಬಲ್ಲದು ಎಂಬುದು ವಾರ್ಡ್ ಅವರ ವಾದ. ಪಾದದವರೆಗೆ ಲಂಗ ತೊಡುತ್ತಿದ್ದ ಕಾಲದಲ್ಲಿ, ತನ್ನ ಸೈಕಲ್ಲಿನ ಪ್ರತಿಯೊಂದು ಭಾಗವೂ ಅದರ ಕೆಲಸವೂ ಹೆಣ್ಣಿಗೆ ಗೊತ್ತಿರಬೇಕು ಎಂದು ಹಟ ಹಿಡಿದು ಬರೆದ ಹೆಂಗಸು ಈಕೆ.

ಈ ಮಾತು ಎಷ್ಟು ಸತ್ಯ ಎಂದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಆ ಹುಡುಗಿ ಶಾಲೆ ಬಿಟ್ಟ ವರ್ಷವೇ ನಾನು ನಮ್ಮ ಬೀದಿಯ ಸೈಕಲ್ ಶಾಪಿಗೆ ಹೋಗಿ "ಅಣ್ಣಾ, ನಂಗೆ ಪಂಕ್ಚರ್ ಹಾಕೋದು ಕಲಿಸಿಕೊಡಿ" ಎಂದೆ. ಯಜಮಾನರು ಬೆಚ್ಚಿದರು. "ನಿಮಗ್ಯಾಕ್ ಮೇಡಮ್ಮೋರೆ ಈ ಕರಿ ಕೆಲಸ? ಸೈಕಲ್ ಕಳಿಸಿಕೊಡಿ, ನಾನೇ ಹಾಕ್ತೀನಿ" ಎಂದರು. ನಾನು ಸ್ಟೂಲು ಎಳೆದುಕೊಂಡು ಕೂತೆ. ನಾಲ್ಕು ಭಾನುವಾರ ಕಲಿತೆ. ಕೊನೆಗೆ ಅವರೇ, "ನಿಮ್ಮ ಕೈ ಸಮಾಧಾನದ ಕೈ. ನಮ್ಮ ಹುಡುಗ್ರು ಆತುರಗಾರರು" ಎಂದರು. ಬಿ.ಇಡಿ. ಸರ್ಟಿಫಿಕೇಟಿಗಿಂತ ಆ ಮಾತು ನನಗೆ ಹೆಚ್ಚು.

ಅವರು ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ಗಾಳಿ ಇಳಿದ ಕೂಡಲೇ ಟೈರು ಬಿಚ್ಚಬಾರದು. ನಮ್ಮ ಸಾದಾ ಸೈಕಲ್ಲಿನ ವಾಲ್ವಿನೊಳಗೆ ಸಣ್ಣದೊಂದು ರಬ್ಬರ್ ಕೊಳವೆ ಇರುತ್ತದೆ. ಅದು ಹಳತಾದರೆ ಗಾಳಿ ಸೋರುತ್ತದೆ. ವಾಲ್ವಿನ ಮೇಲೆ ಎರಡು ತೊಟ್ಟು ನೀರು ಬಿಟ್ಟು ನೋಡಿ. ಗುಳ್ಳೆ ಬಂದರೆ ಆ ಕೊಳವೆ ಬದಲಾಯಿಸಿದರೆ ಸಾಕು. ಬರದಿದ್ದರೆ ಟ್ಯೂಬು ಹೊರಗೆಳೆದು, ಗಾಳಿ ತುಂಬಿ, ನೀರಿನ ಬೇಸಿನ್ನಿನಲ್ಲಿ ಅದ್ದಿ ತೂತು ಹುಡುಕಬೇಕು. ಆ ಜಾಗ ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲೂಷನ್ ತೆಳ್ಳಗೆ ಹಚ್ಚಿ, ಅದು ಆರಿ ಅಂಟಂಟಾಗುವ ತನಕ ಸುಮ್ಮನಿರಬೇಕು. ಹಸಿ ಇರುವಾಗಲೇ ತೇಪೆ ಒತ್ತಿದರೆ ಮರುದಿನ ಏಳುತ್ತದೆ. ಹಪ್ಪಳ ಒಣಗಿಸಿದವರಿಗೆ ಈ ತಾಳ್ಮೆಯನ್ನು ಕಲಿಸಬೇಕಾಗಿಲ್ಲ. ಕೊನೆಗೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಬೇಕು. ಜಾಲಿಮುಳ್ಳಿನ ತುದಿ ಅಲ್ಲೇ ಮುರಿದು ಕೂತಿದ್ದರೆ ಹೊಸ ತೇಪೆಯ ಪಕ್ಕದಲ್ಲಿ ಇನ್ನೊಂದು ತೂತು ಖಂಡಿತ.

ಇನ್ನು ವಾರ್ಡ್ ಅವರ ಬಗ್ಗೆ ನನ್ನ ತಕರಾರು. ಆಕೆಯ ಓದುಗಳು ಬಿಡುವಿರುವ ಹೆಂಗಸು. ಆ ಕಾಲದ ಅಮೆರಿಕದಲ್ಲಿ ಒಳ್ಳೆಯ ಸೈಕಲ್ಲಿಗೆ ನೂರು ಡಾಲರಿನ ಆಸುಪಾಸು ಬೆಲೆ. ಅದನ್ನು ಕೊಟ್ಟು ತನಗಾಗಿಯೇ ಕೊಂಡವಳು ಆಕೆ. ಮನೆಗೆಲ್ಲ ಒಂದೇ ಸೈಕಲ್ ಇದ್ದು, ಅದರ ಮೇಲೆ ಹುಲ್ಲಿನ ಹೊರೆ, ನೀರಿನ ಕೊಡ, ಮಗು, ಎಲ್ಲವೂ ಹೋಗಬೇಕಾದ ಬದುಕು ಆ ಪುಸ್ತಕಕ್ಕೆ ಗೊತ್ತಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ, ಸಾಕ್ಷರತಾ ಆಂದೋಲನದ ಜೊತೆಗೆ, ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಅನೇಕರು ಲೇಡೀಸ್ ಸೈಕಲ್ ಬಿಟ್ಟು ಗಂಡಸರ ಸೈಕಲ್ಲನ್ನೇ ಆರಿಸಿಕೊಂಡರು ಎಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಯಾಕೆಂದರೆ ಅದರ ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು. ವಾರ್ಡ್ ಅವರ ಪುಸ್ತಕದಲ್ಲಿ ಇಲ್ಲದೆ ಇರುವುದು ಈ ಮಗು.

ಅದಕ್ಕೇ ಆಕೆಯ ಮಾತನ್ನು ನಮ್ಮ ಮನೆಯ ಅಳತೆಗೆ ಕತ್ತರಿಸಿಕೊಳ್ಳಬೇಕು. ಯಾವ ಉಪಕರಣ ಕೊಳ್ಳಬೇಕು ಎಂಬಲ್ಲಿ ನಾನೇ ಮೋಸ ಹೋದವಳು. ಪಂಕ್ಚರ್ ಕಲಿತ ಹುಮ್ಮಸ್ಸಿನಲ್ಲಿ ಪೇಟೆಯಿಂದ ಕೆಂಪು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಸಾಮಾನು ತುಂಬಿದ ಸೆಟ್ಟು ತಂದೆ. ಸೀರೆ ಅಂಗಡಿಯ ಗೊಂಬೆಯಂತೆ ಹೊಳೆಯುತ್ತಿತ್ತು. ಅದರಲ್ಲಿದ್ದ ಅಲೆನ್ ಕೀಗಳಿಗೆ ನನ್ನ ಹಳೇ ಸೈಕಲ್ಲಿನಲ್ಲಿ ಕೂರುವ ಜಾಗವೇ ಇರಲಿಲ್ಲ. ಅದರಲ್ಲಿ ಇರುವುದೆಲ್ಲ ನಟ್ಟುಗಳು. ಈಗಿನ ಗೇರ್ ಸೈಕಲ್ ಇದ್ದವರಿಗೆ ಅವೇ ಬೇಕು, ಅದು ಬೇರೆ ಮಾತು. ಸ್ಪ್ಯಾನರು ಎರಡನೆಯ ಸಲಕ್ಕೇ ಬಾಯಿ ಬಿಟ್ಟಿತು. ಬಾಯಿ ಬಿಟ್ಟ ಸ್ಪ್ಯಾನರು ಜಾರಿ ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಆಮೇಲೆ ಆ ನಟ್ಟು ಯಾರ ಮಾತೂ ಕೇಳುವುದಿಲ್ಲ. ಎರಡೂ ತುದಿಗೆ ನಾಲ್ಕಾರು ಗುಳಿ ಇರುವ ಡಂಬೆಲ್ಲಿನಂಥ ಸ್ಪ್ಯಾನರಿನದೂ ಇದೇ ಕಥೆ. ಎಲ್ಲಕ್ಕೂ ಆಗುತ್ತದೆ ಎನ್ನುತ್ತಾರೆ, ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

ಹಾಗಾದರೆ ಏನು ಬೇಕು? ಎರಡು ಟೈರ್ ಲಿವರು. ಚಮಚದ ಹಿಡಿಯಲ್ಲಿ ಸುಧಾರಿಸಲು ಹೋಗಬೇಡಿ, ಚಮಚ ಬಾಗುತ್ತದೆ, ಸ್ಕ್ರೂಡ್ರೈವರ್ ತೂರಿಸಿದರೆ ಟ್ಯೂಬೇ ತೂತಾಗುತ್ತದೆ. ನಿಮ್ಮ ಚಕ್ರದ ನಟ್ಟಿಗೆ, ಬ್ರೇಕಿನ ನಟ್ಟಿಗೆ ಸರಿಯಾಗಿ ಕೂರುವ ಎರಡು ಒಳ್ಳೆಯ ಉಕ್ಕಿನ ಸ್ಪ್ಯಾನರು. ಬಳೆ ಕೊಳ್ಳುವಾಗ ಕೈ ಅಳತೆ ಕೊಡುವ ಹಾಗೆ ನಟ್ಟನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ. ಕೂರಿಸಿ ಅಲ್ಲಾಡಿಸಿ ನೋಡಿ, ಸಂದು ಇದ್ದರೆ ಬೇಡ ಎನ್ನಿ. ಒಂದು ಸ್ಕ್ರೂಡ್ರೈವರ್, ಒಂದು ಕೈಪಂಪು, ಸಲೂಷನ್, ತೇಪೆ, ಉಪ್ಪುಕಾಗದ. ಹೊಲಿಗೆ ಯಂತ್ರದ ಎಣ್ಣೆ ಮನೆಯಲ್ಲಿ ಇದ್ದೇ ಇರುತ್ತದೆ, ಚೈನಿಗೆ ಅದೇ ಸಾಕು. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಧೂಳು ಹಿಡಿಯುತ್ತದೆ. ಬ್ರೇಕಿನ ರಬ್ಬರು ತಾಗುವ ರಿಮ್ಮಿಗೆ ಎಣ್ಣೆ ಸೋಕಬಾರದು. ಇಷ್ಟೂ ಒಂದು ಹಳೇ ಟಿಫಿನ್ ಡಬ್ಬಿ, ಒಂದು ಬಟ್ಟೆಚೀಲದಲ್ಲಿ ಹಿಡಿಯುತ್ತದೆ. ಚಕ್ರದ ಬೆಂಡು ತೆಗೆಯುವುದು, ಪೆಡಲಿನ ಕಾಟರ್ ಪಿನ್ ಹೊಡೆಯುವುದು, ಇವನ್ನು ಶಾಪಿಗೇ ಬಿಡಿ. ಎಲ್ಲವನ್ನೂ ನಾವೇ ಮಾಡಬೇಕೆಂಬ ಜಂಭವೂ ಬೇಡ, ಆ ಯಜಮಾನರ ಹೊಟ್ಟೆಪಾಡೂ ನಡೆಯಬೇಕಲ್ಲ.

ಎರಡು ಪುಸ್ತಕಗಳಲ್ಲಿ ಯಾವುದು ಹೆಚ್ಚು ಎಂದು ಮಗಳು ಫೋನಿನಲ್ಲಿ ಕೇಳಿದಳು. ವಿಲ್ಲರ್ಡ್ ಅವರನ್ನು ಓದಿದರೆ ಸೈಕಲ್ ಹತ್ತಬೇಕು ಎನ್ನಿಸುತ್ತದೆ. ಬರವಣಿಗೆ ಎಂದರೆ ಅದೇ. ಆದರೆ ಆ ಧೈರ್ಯದ ಆಯುಸ್ಸು ಮೊದಲ ಜಾಲಿಮುಳ್ಳಿನವರೆಗೆ. ಅಲ್ಲಿಂದ ಮುಂದಕ್ಕೆ ಕರೆದುಕೊಂಡು ಹೋಗುವುದು ವಾರ್ಡ್ ಅವರ ಸಪ್ಪೆ ಪುಸ್ತಕ. ಹೆಣ್ಣುಮಕ್ಕಳಿಗೆ ನಾವು ಮೊದಲನೆಯದನ್ನು ಧಾರಾಳವಾಗಿ ಕೊಡುತ್ತೇವೆ. ಭಾಷಣದಲ್ಲಿ, ಪಾಠದಲ್ಲಿ, ಮಹಿಳಾ ದಿನಾಚರಣೆಯಲ್ಲಿ. ಎರಡನೆಯದನ್ನು ಕೊಡುವುದು ಮರೆಯುತ್ತೇವೆ. ನಾನೂ ಮರೆತಿದ್ದೆ.

ಈಗ ನಮ್ಮ ಶಾಲೆಯ ಸ್ಟಾಫ್ ರೂಮಿನ ಬೀರುವಿನಲ್ಲಿ ಅಂಥದೊಂದು ಟಿಫಿನ್ ಡಬ್ಬಿ ಇದೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ಹುಡುಗಿಯರು ಸೈಕಲ್ ಮಗುಚಿ ನಿಲ್ಲಿಸುತ್ತಾರೆ. ಮೊನ್ನೆ ಎಂಟನೇ ತರಗತಿಯ ಒಬ್ಬಳು ತೇಪೆ ಒತ್ತಲು ಆತುರಪಟ್ಟಾಗ, ಪಕ್ಕದಲ್ಲಿದ್ದವಳು ಅವಳ ಕೈ ಹಿಡಿದು, "ತಡಿಯೇ, ಇನ್ನೂ ಆರಿಲ್ಲ" ಎಂದಳು. ನಾನು ಬಾಯಿ ಹಾಕಲಿಲ್ಲ. ಆರಿದ ಮೇಲೆ ಅವರೇ ಒತ್ತಿದರು, ಚಕ್ರ ಕೂರಿಸಿದರು, ಗಾಳಿ ಹೊಡೆದರು. ಕಪ್ಪಾದ ಕೈಗಳನ್ನು ಕೊಳಾಯಿಯ ಕೆಳಗೆ ಸೋಪು ಹಚ್ಚಿ ತೊಳೆದುಕೊಂಡು ಮನೆಗೆ ಹೊರಟರು.