ನೈರೋಬಿಯ ಒಂದು ಸ್ವಿಚ್ಚಿನ ಕಥೆ

ಫೋನಿನಲ್ಲೇ ಹಣ ಕಳಿಸುವ ಕೆನ್ಯಾದ ಸೇವೆ ಎಂ-ಪೆಸಾ ಯಾರ ಸೃಷ್ಟಿ ಎಂಬ ಪ್ರಶ್ನೆಯನ್ನು ಈ ವಾರ ಎತ್ತಿಕೊಳ್ಳುತ್ತೇನೆಂದು ಹೇಳಿದ್ದೆ. ಯುಪಿಐ ಬಗ್ಗೆ ಬರೆದಾಗಲೆಲ್ಲ ಯಾರಾದರೊಬ್ಬ ಓದುಗರು ನೈರೋಬಿಯ ಹೆಸರೆತ್ತುತ್ತಾರೆ. ಎತ್ತಬೇಕಾದದ್ದೇ. 2007ರ ಮಾರ್ಚ್‌ನಲ್ಲಿ ಸಫಾರಿಕಾಂ ಕಂಪನಿ ಕೆನ್ಯಾದಲ್ಲಿ ಎಂ-ಪೆಸಾ ಶುರುಮಾಡಿದಾಗ ನಮ್ಮ ಯುಪಿಐ ಬರಲು ಇನ್ನೂ 9 ವರ್ಷವಿತ್ತು. ಅದಕ್ಕೆ ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಇಂಟರ್ನೆಟ್ ಬೇಕಿರಲಿಲ್ಲ. ಸಿಮ್ ಕಾರ್ಡಿನೊಳಗೇ ಕೂತಿದ್ದ ಪುಟ್ಟ ಮೆನು, ಒಂದು ಪಿನ್, ಒಂದು ಎಸ್ಎಂಎಸ್, ಮೂಲೆಯಂಗಡಿಯ ಏಜೆಂಟ್: ಇಷ್ಟರಲ್ಲಿ ಹಣ ಊರು ತಲುಪುತ್ತಿತ್ತು.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ತೆರೆಯುವ ಬರಹ ಒಂದೇ. ಸಫಾರಿಕಾಂನಲ್ಲಿ ಪಾಲು ಹೊಂದಿದ್ದ ವೊಡಾಫೋನಿನ ನಿಕ್ ಹ್ಯೂಸ್ ಮತ್ತು ಸೂಸಿ ಲೋನಿ 2007ರಲ್ಲಿ 'ಇನ್ನೊವೇಷನ್ಸ್' ಪತ್ರಿಕೆಗೆ ಬರೆದ ದೀರ್ಘ ಲೇಖನ ಅದು. ಕಂಪ್ಯೂಟರ್ ಚರಿತ್ರೆಯ ಬರವಣಿಗೆಯಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಅಪರೂಪ. ಅವರು ಹೊರಟದ್ದು ಹಣ ಕಳಿಸುವ ವ್ಯವಸ್ಥೆ ಕಟ್ಟಲಿಕ್ಕಲ್ಲ. ಬ್ರಿಟಿಷ್ ಸರ್ಕಾರದ ನೆರವಿನ ನಿಧಿಯಿಂದ ಹತ್ತಿರಹತ್ತಿರ 10 ಲಕ್ಷ ಪೌಂಡ್ ಸಿಕ್ಕಿತ್ತು. ಕಿರುಸಾಲದ ಕಂತನ್ನು ಫೋನಿನಲ್ಲಿ ಕಟ್ಟಿಸಿಕೊಳ್ಳುವುದು ಗುರಿಯಾಗಿತ್ತು. 2005ರ ಅಕ್ಟೋಬರಿನಲ್ಲಿ ಫೌಲು ಎಂಬ ಸಾಲಸಂಸ್ಥೆಯ ಸುಮಾರು 500 ಗ್ರಾಹಕರ ಕೈಗೆ ಫೋನ್ ಕೊಟ್ಟು, ನೈರೋಬಿಯಲ್ಲೂ ಥಿಕಾ ಪಟ್ಟಣದಲ್ಲೂ ಪ್ರಯೋಗ ಆರಂಭಿಸಿದರು. ಜನ ಕಂತು ಕಟ್ಟಿದರು, ನಿಜ. ಆದರೆ ಅದರ ಜೊತೆಗೆ ಯಾರೂ ಹೇಳಿಕೊಡದ ಕೆಲಸಗಳನ್ನೂ ಮಾಡತೊಡಗಿದರು. ಒಬ್ಬರು ಇನ್ನೊಬ್ಬರ ಕಂತು ತುಂಬಿದರು, ದೂರದೂರಿನ ನಂಟರಿಗೆ ಹಣ ದಾಟಿಸಿದರು, ಅಂಗಡಿಯವರು ರಾತ್ರಿ ಗಲ್ಲಾಪೆಟ್ಟಿಗೆಯ ದುಡ್ಡನ್ನು ಫೋನಿನಲ್ಲಿ ಭದ್ರವಾಗಿಟ್ಟರು. ಲೋನಿ ಇದನ್ನೆಲ್ಲ ನೈರೋಬಿಯಲ್ಲೇ ಕೂತು ಗಮನಿಸಿದರು. ಕೊನೆಗೆ ಸಾಲದ ಕಂತಿನ ಯೋಜನೆಯನ್ನು ಬದಿಗಿಟ್ಟು, ಮನೆಗೆ ಹಣ ಕಳಿಸಿ ಎಂಬ ಒಂದೇ ಮಾತಿನೊಂದಿಗೆ ಸೇವೆ ಮಾರುಕಟ್ಟೆಗೆ ಬಂತು.

ಎಂ-ಪೆಸಾವನ್ನು ಒಬ್ಬ ಕೆನ್ಯನ್ ವಿದ್ಯಾರ್ಥಿ ಬರೆದ, ಕಂಪನಿ ಅದನ್ನು ಕಿತ್ತುಕೊಂಡಿತು ಎಂಬ ಮಾತು ಆ ದೇಶದಲ್ಲಿ ವರ್ಷಗಟ್ಟಲೆ ಓಡಾಡಿದೆ. ಇದನ್ನು ಸಮರ್ಥಿಸುವ ದಾಖಲೆಯನ್ನು ಯಾರೂ ಮುಂದಿಟ್ಟಿಲ್ಲ. ಇತ್ತ, ಪ್ರತಿ ಆವಿಷ್ಕಾರವೂ ಒಬ್ಬ ಒಂಟಿ ಮೇಧಾವಿಯ ಗ್ಯಾರೇಜಿನಲ್ಲೇ ಹುಟ್ಟುತ್ತದೆಂದು ನಂಬುವ ಗ್ಯಾರೇಜ್ ಪಂಥದವರು ಹ್ಯೂಸ್ ಒಬ್ಬರನ್ನೇ ಮೇಧಾವಿಯ ಪಟ್ಟದಲ್ಲಿ ಕೂರಿಸುತ್ತಾರೆ. ಇಬ್ಬರದೂ ಒಂದೇ ತಪ್ಪು: ಪ್ರತಿ ಯಂತ್ರಕ್ಕೂ ಒಬ್ಬ ತಂದೆ ಇರಲೇಬೇಕೆಂಬ ಹಟ. ಫೋನಿನಲ್ಲಿ ಹಣ ಕಳಿಸುವುದು ಫಿಲಿಪ್ಪೀನ್ಸಿನಲ್ಲಿ ಅದಕ್ಕೂ ಮೊದಲೇ ಇತ್ತು. ಜಿ-ಕ್ಯಾಶ್ ಬಂದದ್ದು 2004ರಲ್ಲಿ. ಭಾರತಕ್ಕೆ ಬಂದ ಎಂ-ಪೆಸಾ 2019ರಲ್ಲಿ ಬಾಗಿಲು ಹಾಕಿತು. ಸೋತದ್ದೂ ಗೆದ್ದದ್ದೂ ಅದೇ ಕಲ್ಪನೆಯೇ. ನೈರೋಬಿಯಲ್ಲಿ ಗೆದ್ದದ್ದು ಏಜೆಂಟರ ಜಾಲದಿಂದ, ಪ್ರಯೋಗದ ಆ ಗ್ರಾಹಕರಿಂದ, ಮತ್ತು ತಡೆಯಬಹುದಾಗಿದ್ದರೂ ತಡೆಯದ ಕೆನ್ಯಾದ ಕೇಂದ್ರೀಯ ಬ್ಯಾಂಕಿನಿಂದ.

ಈ ಕೊನೆಯ ಮಾತು ನನ್ನನ್ನು ಅದೇ ಊರಿನ ಇನ್ನೂ ಹಳೆಯ ಕಥೆಗೆ ಎಳೆಯುತ್ತಿದೆ. ಅಲ್ಲಿ ಅಧಿಕಾರಿಗಳು ತಡೆದಿದ್ದರು. ಎಂ-ಪೆಸಾ ವಿಚಾರವನ್ನು ಇಲ್ಲಿಗೇ ಬಿಟ್ಟು ಅದನ್ನು ಹೇಳುತ್ತೇನೆ.

2000ನೇ ಇಸವಿಯ ನೈರೋಬಿ. ಸಮುದ್ರದಡಿಯ ಕೇಬಲ್ ಇನ್ನೂ ಬಂದಿಲ್ಲ. ಅದು ಮೊಂಬಾಸಾ ತೀರ ಮುಟ್ಟಿದ್ದು 2009ರಲ್ಲಿ. ದೇಶದ ಇಂಟರ್ನೆಟ್ ಪೂರ್ತಿ ಉಪಗ್ರಹವನ್ನೇ ನೆಚ್ಚಿಕೊಂಡಿತ್ತು, ಹೊರದೇಶದ ಸಂಪರ್ಕ ಟೆಲ್ಕಾಂ ಕೆನ್ಯಾದ ಏಕಸ್ವಾಮ್ಯವಾಗಿತ್ತು. ಒಂದೇ ಬೀದಿಯ ಎರಡು ಕಚೇರಿಗಳು ಬೇರೆ ಬೇರೆ ಇಂಟರ್ನೆಟ್ ಕಂಪನಿಗಳ ಗಿರಾಕಿಗಳಾಗಿದ್ದರೆ, ಒಂದರಿಂದ ಇನ್ನೊಂದಕ್ಕೆ ಹೊರಟ ಇಮೇಲ್ 36,000 ಕಿಲೋಮೀಟರ್ ಮೇಲೆ ಹೋಗಿ, ಅಷ್ಟೇ ಕೆಳಗಿಳಿದು, ಅಮೆರಿಕವನ್ನೋ ಯುರೋಪನ್ನೋ ಮುಟ್ಟಿ, ಅದೇ ದಾರಿಯಲ್ಲಿ ಮರಳಬೇಕಿತ್ತು. ಮಲ್ಲೇಶ್ವರದಿಂದ ರಾಜಾಜಿನಗರಕ್ಕೆ ಬರೆದ ಕಾಗದ ಲಂಡನ್ ಅಂಚೆ ಕಚೇರಿಯ ಮೂಲಕ ಬಂದಂತೆ. ಹೋಗುವುದಕ್ಕೂ ಬರುವುದಕ್ಕೂ ಡಾಲರಿನಲ್ಲಿ ಬಾಡಿಗೆ.

ಟೆಸ್ಪಾಕ್ ಎಂಬ ಸಂಘದಲ್ಲಿ ಒಂದಾಗಿದ್ದ ಇಂಟರ್ನೆಟ್ ಕಂಪನಿಗಳು ಇದಕ್ಕೊಂದು ಸರಳ ಪರಿಹಾರ ಕಂಡುಕೊಂಡವು. ಎಲ್ಲರೂ ತಮ್ಮ ತಮ್ಮ ತಂತಿಯನ್ನು ನೈರೋಬಿಯ ಒಂದೇ ಕೋಣೆಗೆ ತಂದು ಒಂದು ಸ್ವಿಚ್ಚಿಗೆ ಸಿಕ್ಕಿಸುವುದು, ಊರಿನ ಸಂಚಾರವನ್ನು ಊರಿನಲ್ಲೇ ಬದಲಾಯಿಸಿಕೊಳ್ಳುವುದು. ಅದೇ ಕೆನ್ಯಾ ಇಂಟರ್ನೆಟ್ ಎಕ್ಸ್‌ಚೇಂಜ್ ಪಾಯಿಂಟ್, ಅಂದರೆ ಕಿಕ್ಸ್‌ಪಿ. 2000ದ ನವೆಂಬರಿನಲ್ಲಿ ಕೆಲಸ ಶುರುಮಾಡಿತು. ಟೆಲ್ಕಾಂ ಕೆನ್ಯಾ ತನ್ನ ಏಕಸ್ವಾಮ್ಯಕ್ಕೆ ಭಂಗವಾಯಿತೆಂದು ದೂರು ಕೊಟ್ಟಿತು. ಎರಡೇ ವಾರದಲ್ಲಿ ನಿಯಂತ್ರಣ ಆಯೋಗ ಅದನ್ನು ಕಾನೂನುಬಾಹಿರವೆಂದು ಮುಚ್ಚಿಸಿತು.

ಕಿಕ್ಸ್‌ಪಿ ಕಟ್ಟಿದವರಲ್ಲಿ ಒಬ್ಬರಾದ ಬ್ರಯಾನ್ ಲಾಂಗ್ವೆ ಮತ್ತು ಸಂಗಡಿಗರು ಬಿಡಲಿಲ್ಲ. ಸುಮಾರು ಒಂದು ವರ್ಷ ಅರ್ಜಿ, ಸಭೆ, ವಾದ. ಇದು ಹೊರದೇಶದ ಸಂಪರ್ಕವನ್ನು ಮಾರುವ ವ್ಯವಹಾರವಲ್ಲ, ಮನೆಯೊಳಗಿನ ಮಾತು ಮನೆಯೊಳಗೇ ಉಳಿಯುವ ಏರ್ಪಾಡು ಎಂದು ತಾಳ್ಮೆಯಿಂದ ವಿವರಿಸಿದರು. 2001ರ ಕೊನೆಗೆ ಪರವಾನಗಿ ಸಿಕ್ಕಿತು, 2002ರ ಫೆಬ್ರವರಿಯಲ್ಲಿ ಸ್ವಿಚ್ಚು ಮತ್ತೆ ಜೀವ ಪಡೆಯಿತು. ಒಂದೆರಡು ಸೆಕೆಂಡು ಹಿಡಿಯುತ್ತಿದ್ದ ಓಡಾಟ 100 ಮಿಲಿಸೆಕೆಂಡಿಗೂ ಕೆಳಗಿಳಿಯಿತು. ಈ ವಿನಿಮಯ ಕೇಂದ್ರದಿಂದ ಕೆನ್ಯಾದ ಕಂಪನಿಗಳಿಗೆ ವರ್ಷಕ್ಕೆ ಸುಮಾರು 15 ಲಕ್ಷ ಡಾಲರ್ ಉಳಿಯುತ್ತಿದೆ ಎಂದು ಇಂಟರ್ನೆಟ್ ಸೊಸೈಟಿ 2012ರ ಅಧ್ಯಯನದಲ್ಲಿ ಲೆಕ್ಕ ಹಾಕಿತು.

ಈ ಕಥೆಯಲ್ಲಿ ಹೊಸ ಯಂತ್ರವೂ ಇಲ್ಲ, ಹೊಸ ಸೂತ್ರವೂ ಇಲ್ಲ. ಪೈಪೋಟಿಯ ಕಂಪನಿಗಳನ್ನು ಒಂದು ಮೇಜಿನ ಸುತ್ತ ಕೂರಿಸುವುದು, ಅಧಿಕಾರಿಯ ಮನವೊಲಿಸುವುದು, ತಂತಿ ಸಿಕ್ಕಿಸುವುದು: ಇದೇ ಸಾಧನೆ. ಗ್ಯಾರೇಜ್ ಪಂಥದ ಚರಿತ್ರೆಯಲ್ಲಿ ಇಂಥವರಿಗೆ ಅಡಿಟಿಪ್ಪಣಿಯೂ ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ಇವರೂ ಮೊದಲಿಗರೇ. ಊರಿನ ಮಾತು ಊರಿನಲ್ಲೇ ಉಳಿಯುವುದು ಎಷ್ಟು ನಿಧಾನದ ಕೆಲಸ ಎಂಬುದಕ್ಕೆ ಎಂ-ಪೆಸಾವೇ ಸಾಕ್ಷಿ: ಕೆನ್ಯಾದ ಹೆಮ್ಮೆಯಾದ ಆ ಸೇವೆಯ ಸರ್ವರುಗಳು ಜರ್ಮನಿಯಿಂದ ಕೆನ್ಯಾಕ್ಕೆ ಬಂದದ್ದು 2015ರಲ್ಲಿ.

ನಮ್ಮಲ್ಲೂ ಇದೇ ಪಾಡಿತ್ತು. ಭಾರತದ ಇಂಟರ್ನೆಟ್ ವಿನಿಮಯ ಕೇಂದ್ರ ನಿಕ್ಸಿ ಹುಟ್ಟಿದ್ದು 2003ರಲ್ಲಿ, ನೈರೋಬಿಯವರು ಗೆದ್ದ ಮರುವರ್ಷ. ಅದಕ್ಕೂ ಮುಂಚೆ, 1986ರಲ್ಲಿ ಆರಂಭವಾದ, ಶಿಕ್ಷಣ-ಸಂಶೋಧನಾ ಸಂಸ್ಥೆಗಳ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಕೇಂದ್ರವಾಗಿತ್ತು. ಬೆಂಗಳೂರಿನ ಐಟಿ ಚರಿತ್ರೆಯೆಂದರೆ ಕಂಪನಿ ಕಟ್ಟಿದವರ ಚರಿತ್ರೆ ಎಂದಾಗಿಬಿಟ್ಟಿರುವಾಗ, ಆ ಜಾಲದ ಮೋಡೆಮ್‌ಗಳನ್ನು ರಾತ್ರಿ ಕಾದವರು, ದೂರವಾಣಿ ಇಲಾಖೆಯ ಮೆಟ್ಟಿಲು ಹತ್ತಿಳಿದು ತಂತಿ ತರಿಸಿದವರು ಕನ್ನಡದಲ್ಲಿ ಇನ್ನೂ ಬರಹಕ್ಕೆ ಬಂದಿಲ್ಲ ಎನ್ನಬೇಕು. ಅವರಲ್ಲಿ ಅನೇಕರು ಈಗ ನಿವೃತ್ತರು. ಹ್ಯೂಸ್ ಮತ್ತು ಲೋನಿ ತಮ್ಮ ಕೆಲಸದ ಬಿಸಿ ಆರುವ ಮೊದಲೇ ಬರೆದಿಟ್ಟರು. ಅದರಿಂದಲೇ ಇಂದು ನಾವು ದಂತಕಥೆಯನ್ನು ಸಂಗತಿಯಿಂದ ಬೇರ್ಪಡಿಸಬಲ್ಲೆವು. ಈ ಅಂಕಣ ಓದುವವರಲ್ಲಿ ಆ ದಿನಗಳ ಎಂಜಿನಿಯರುಗಳಿದ್ದರೆ ನನ್ನ ವಿನಂತಿ ಇಷ್ಟೇ: ನೆನಪಿರುವಾಗಲೇ ಬರೆಯಿರಿ, ಇಸವಿ ಹಾಕಿ ಬರೆಯಿರಿ, ಜೊತೆಗಿದ್ದವರ ಹೆಸರು ಸೇರಿಸಿ ಬರೆಯಿರಿ.