ಮುದಿ ಎಂಜಿನ್ನಿನ ಉಸಿರು

ಕೊಲ್ಲಾಪುರ ಸೀಮೆಯ ನೇಸರಿಯಂಥ ಊರಿನಿಂದ ಸಹ್ಯಾದ್ರಿಯ ಏರುಗಳನ್ನು ಹತ್ತುತ್ತ ಲಕ್ಷಾಂತರ ಕಿಲೋಮೀಟರ್ ಸವೆಸಿದ ಹಳೆಯ ಮಾರುತಿ 800 ಕಾರು ಬಲಗುಂದಿದಾಗ, ಎಂಜಿನ್ ಬಿಚ್ಚದೆಯೇ ಅದರ ಒಳಗನ್ನು ಅರಿಯುವ ಅಗ್ಗದ ವಿದ್ಯೆಯೆಂದರೆ ಕಂಪ್ರೆಷನ್ ಪರೀಕ್ಷೆ. ಅಂದರೆ, ಪಿಸ್ಟನ್ ಮೇಲೇರುವಾಗ ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತಡಕ್ಕೆ ಒಳಗಾಗುತ್ತದೆ ಎಂಬುದರ ಅಳತೆ. ಎಂಜಿನ್ ಬಿಸಿಯಾದ ಮೇಲೆ ಇಗ್ನಿಷನ್ ತಂತಿ ಕಳಚಿ, ಮೂರೂ ಸಿಲಿಂಡರುಗಳ ಪ್ಲಗ್‌ಗಳನ್ನು ತೆಗೆದು, ಒಂದೊಂದೇ ರಂಧ್ರಕ್ಕೆ ಗೇಜ್ ಕೂಡಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್‌ನಿಂದ ಕೆಲವು ಸುತ್ತು ತಿರುಗಿಸಲಾಗುತ್ತದೆ. ಬ್ಯಾಟರಿ ಸೋತಿದ್ದರೆ ಗೇಜ್ ಸುಳ್ಳು ಹೇಳುತ್ತದೆ.

ಒಂದೇ ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರವೇ ಹೆಚ್ಚು ಮಾತಾಡುತ್ತದೆ, ಏಕೆಂದರೆ ಮೂರೂ ಸಮವಾಗಿ ಸವೆದ ಎಂಜಿನ್ ನಿಧಾನವಾಗಿಯಾದರೂ ಓಡುತ್ತದೆ, ಆದರೆ ಒಂದು ಮಾತ್ರ ಕುಸಿದಾಗ ಅದು ನಡುಗುತ್ತದೆ. ಈ ಪರೀಕ್ಷೆಯ ನಿಜವಾದ ಸೊಗಸು ಎರಡನೆಯ ಸುತ್ತಿನಲ್ಲಿದೆ: ಕುಸಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹನಿಸಿ ಮತ್ತೆ ಅಳೆದರೆ, ಆಯಿಲ್ ಪಿಸ್ಟನ್ ಸುತ್ತಲಿನ ಸಂದುಗಳನ್ನು ತಾತ್ಕಾಲಿಕವಾಗಿ ಮುಚ್ಚುವುದರಿಂದ ಒತ್ತಡ ಏರಿದಲ್ಲಿ ಪಿಸ್ಟನ್ ರಿಂಗುಗಳೋ ಸಿಲಿಂಡರಿನ ಬೋರೋ ಸವೆದಿವೆಯೆಂದೂ, ಏರದಿದ್ದಲ್ಲಿ ದೋಷ ಬಹುಮಟ್ಟಿಗೆ ವಾಲ್ವುಗಳಲ್ಲಿದೆಯೆಂದೂ ತಿಳಿಯಬಹುದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಸಿದಿದ್ದರೆ, ಎರಕಕ್ಕೆ ಹೆಸರಾದ ಕೊಲ್ಲಾಪುರ ಸೀಮೆಯ ಮೇಸ್ತ್ರಿಯಾದರೂ ಬ್ಲಾಕನ್ನು ದೂರುವ ಮುನ್ನ ಅವುಗಳ ನಡುವಣ ಹೆಡ್ ಗ್ಯಾಸ್ಕೆಟ್ಟನ್ನೇ ಶಂಕಿಸುತ್ತಾನೆ.