ಬಿಳಿ ಬಿಟ್ಟ ಜಾಗ

ಲೆಕ್ಕ ಪರಿಶೋಧನೆಯ ಕೆಲಸಕ್ಕೆ ಸೇರಿದ ಹೊಸದರಲ್ಲೇ ಹೇಳಿಕೊಡುವ ಪಾಠವೊಂದಿದೆ. ಪಟ್ಟಿಯ ಒಂದು ಮನೆಯಲ್ಲಿ ಸೊನ್ನೆ ಬರೆದಿದ್ದರೆ, ಯಾರೋ ಹೋಗಿ ನೋಡಿ ಏನೂ ಇಲ್ಲವೆಂದು ಖಚಿತ ಮಾಡಿಕೊಂಡಿದ್ದಾರೆ ಎಂದರ್ಥ. ಮನೆ ಖಾಲಿ ಬಿಟ್ಟಿದ್ದರೆ ಅಲ್ಲಿ ಯಾರೂ ನೋಡಿಲ್ಲ ಎಂದರ್ಥ. ಅಮೆರಿಕದ ಮರುಭೂಮಿಯ ಹಳೆಯ ಟೋಪೋ ನಕ್ಷೆಗಳ ಬಗ್ಗೆ ನನಗಿರುವ ಮೆಚ್ಚುಗೆ, ತಕರಾರು ಎರಡಕ್ಕೂ ಈ ಪಾಠವೇ ಮೂಲ.

ವರ್ಜೀನಿಯಾದಲ್ಲಿ ನಮ್ಮ ಮನೆಗೆ ಹತ್ತಿರದ ಊರು ರೆಸ್ಟನ್. ಈ ನಕ್ಷೆಗಳನ್ನು ಮಾಡಿದ ಯುಎಸ್‌ಜಿಎಸ್‌ನ ಮುಖ್ಯ ಕಚೇರಿ ಅಲ್ಲಿದೆ. 1884ರಿಂದ 2006ರವರೆಗೆ ಅಚ್ಚಾದ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಹಾಳೆಗಳನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳುವಂತೆ ಇಟ್ಟಿದ್ದಾರೆ. ಏಪ್ರಿಲ್ 15 ದಾಟಿ ಟ್ಯಾಕ್ಸಿನ ಗಲಾಟೆ ಇಳಿದ ಮೇಲೆ ನಾನು ಇವುಗಳ ಮುಂದೆ ಕೂರುತ್ತೇನೆ. ಉಳಿದವರು ಮೀನು ಹಿಡಿಯಲು ಹೋಗುತ್ತಾರೆ.

ನಾನು ಮತ್ತೆ ಮತ್ತೆ ತೆರೆಯುವುದು ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ಫರ್ನೇಸ್ ಕ್ರೀಕ್ ಹಾಳೆಯನ್ನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಳೆದದ್ದು, ಇಂಚಿಗೆ ಸುಮಾರು ನಾಲ್ಕು ಮೈಲಿ ಲೆಕ್ಕ. ಮನುಷ್ಯ ಮಾಡಿದ್ದೆಲ್ಲ ಕಪ್ಪು, ನೀರು ನೀಲಿ, ಏರುತಗ್ಗು ಕಂದು. ಡೆತ್ ವ್ಯಾಲಿಯೂ ಅದರ ಪೂರ್ವಕ್ಕಿರುವ ಬುಲ್‌ಫ್ರಾಗ್ ಗಣಿ ಸೀಮೆಯೂ ಒಂದೇ ಹಾಳೆಯಲ್ಲಿವೆ. 1904ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಬೆನ್ನಿಗೇ ರಯೋಲೈಟ್ ಎಂಬ ಊರು ಎದ್ದಿತು. 1906ರಲ್ಲಿ ರೈಲು, ಆಮೇಲೆ ಬ್ಯಾಂಕು, ಷೇರು ವಿನಿಮಯ ಕೇಂದ್ರ. ಸಾವಿರಾರು ಜನರಿದ್ದ ಊರಿನಲ್ಲಿ 1910ರ ಜನಗಣತಿಗೆ ಸಿಕ್ಕವರು 675 ಮಂದಿ. 1916ರಲ್ಲಿ ವಿದ್ಯುತ್ ಕಡಿದರು. ಹೀಗಾಗಿ ಇಂಥ ಹಾಳೆಯನ್ನು ಓದುವ ಮೊದಲು ಅಂಚಿನಲ್ಲಿ ಸಣ್ಣಕ್ಷರದಲ್ಲಿರುವ ಸರ್ವೆ ವರ್ಷವನ್ನೂ ಅಚ್ಚಿನ ವರ್ಷವನ್ನೂ ನೋಡಬೇಕು. ಮರುಮುದ್ರಣದಲ್ಲಿ ಅಚ್ಚಿನ ವರ್ಷ ಮುಂದಕ್ಕೆ ಹೋಗಿರುತ್ತದೆ, ಸರ್ವೆ ಅಲ್ಲೇ ನಿಂತಿರುತ್ತದೆ. ಸತ್ತ ಊರು ಹೊಸ ಕಾಗದದ ಮೇಲೆ ಬದುಕಿರುತ್ತದೆ.

ಮೆಚ್ಚುಗೆ ಯಾತಕ್ಕೆಂದರೆ, ನೀರಿನ ವಿಷಯದಲ್ಲಿ ಈ ಜನ ಬಹಳ ಪ್ರಾಮಾಣಿಕರು. ಸ್ಟೋವ್‌ಪೈಪ್ ವೆಲ್ಸ್ ಎಂಬ ಹೆಸರನ್ನೇ ನೋಡಿ. ಮರಳು ಮುಚ್ಚಿಹಾಕುತ್ತಿದ್ದ ಬಾವಿಯ ಗುರುತಿಗೆ ಯಾರೋ ಒಲೆಯ ಹೊಗೆಕೊಳವೆ ನೆಟ್ಟರು, ಅದೇ ಊರಿನ ಹೆಸರಾಯಿತು. 1909ರಲ್ಲಿ ಯುಎಸ್‌ಜಿಎಸ್‌ನ ವಾಲ್ಟರ್ ಮೆಂಡೆನ್‌ಹಾಲ್ ಈ ಸೀಮೆಯ ನೀರಿನ ತಾಣಗಳಿಗೇ ಒಂದು ಪುಸ್ತಕ ಬರೆದರು. 1916ರಲ್ಲಿ ಅಮೆರಿಕದ ಸಂಸತ್ತು ಮರುಭೂಮಿಯ ನೀರಿನ ತಾಣಗಳಿಗೆ ದಾರಿ ತೋರುವ ಫಲಕ ನೆಡಲು ಕಾನೂನನ್ನೇ ಮಾಡಿತು. ಇಲ್ಲಿ ನೀಲಿ ಚುಕ್ಕಿ ತಪ್ಪಿದರೆ ಓದುಗ ಸಾಯುತ್ತಾನೆ. ಅಂಥ ಓದುಗನಿದ್ದಾಗ ಬರೆಯುವವನ ಕೈ ತಾನಾಗಿ ಹತೋಟಿಗೆ ಬರುತ್ತದೆ.

ಹುಲ್ಲಿನ ವಿಷಯಕ್ಕೆ ಬಂದರೆ ಹಾಗಿಲ್ಲ. 1880ರ ದಶಕದಲ್ಲಿ ಬಿಳಿಗಾರದ ಗಾಡಿ ಎಳೆಯುವ ಹೇಸರಗತ್ತೆಗಳಿಗೆ ಮೇವು ಬೆಳೆಯಲು ಇದೇ ಕಣಿವೆಯಲ್ಲಿ ಗ್ರೀನ್‌ಲ್ಯಾಂಡ್ ಎಂಬ ತೋಟ ಮಾಡಿದರು. ಅದಕ್ಕೆ ಬೇಲಿಯಿತ್ತು, ಮನೆಯಿತ್ತು, ಅಂಥದ್ದು ನಕ್ಷೆಗೆ ಸಿಗುತ್ತದೆ. ಸುತ್ತಲಿನ ಟಿಂಬಿಶಾ ಶೋಶೋನಿ ಜನ ಬೇಸಿಗೆಗೆ ಬೆಟ್ಟ ಹತ್ತಿ, ಚಳಿಗೆ ಕಣಿವೆಗಿಳಿಯುತ್ತಿದ್ದರು. ಆ ಓಡಾಟಕ್ಕೆ ಯಾವ ಬಣ್ಣವೂ ಇಲ್ಲ, ಚಿಹ್ನೆಯೂ ಇಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಒಂದು ದಿನದ ಸ್ಥಿತಿ ಕಾಣುತ್ತದೆ, ವರ್ಷದ ಹರಿವು ಕಾಣುವುದಿಲ್ಲ. ನಾವಾದರೆ ಹರಿವಿಗೆ ಬೇರೆ ಪಟ್ಟಿ ಮಾಡುತ್ತೇವೆ, ನಕ್ಷೆಯವರು ಮಾಡಲಿಲ್ಲ. 1933ರಲ್ಲಿ ಕಣಿವೆ ರಾಷ್ಟ್ರೀಯ ಸ್ಮಾರಕವಾಯಿತು. ಆ ಜನಕ್ಕೆ ಅಲ್ಲಿ ಒಂದಿಷ್ಟು ನೆಲ ತಮ್ಮದೆಂದು ಸಿಕ್ಕಿದ್ದು 2000ದಲ್ಲಿ, ಅದೂ ಕಾಯ್ದೆಯ ಮೂಲಕ.

ಇದು ನೆವಾಡಾದ ಸುದ್ದಿ ಮಾತ್ರವಾಗಿದ್ದರೆ ಕನ್ನಡದಲ್ಲಿ ಬರೆಯುತ್ತಿರಲಿಲ್ಲ. ವಾಷಿಂಗ್ಟನ್ನಿನ ಅಂಚಿಗೆ, ಪೊಟೊಮ್ಯಾಕ್ ನದಿಯ ಪಕ್ಕದ ಮೇರಿಲ್ಯಾಂಡ್ ನೆಲದಲ್ಲಿ, ಅಮೆರಿಕನ್ ಸೇನೆಯ ನಕ್ಷೆ ವಿಭಾಗವಿತ್ತು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳನ್ನು ಆಧರಿಸಿ 1950ರ ದಶಕದಲ್ಲಿ ಅದು ಇಡೀ ಭಾರತದ ನಕ್ಷೆ ಮಾಡಿತು, ಅಳತೆಯೂ ಅದೇ, ಇಂಚಿಗೆ ನಾಲ್ಕು ಮೈಲಿ. ನಾನು ಚಿತ್ರದುರ್ಗ ಜಿಲ್ಲೆಯವನು, ಮೊದಲು ಹುಡುಕಿದ್ದು ಚಳ್ಳಕೆರೆಯನ್ನು. ಕೆರೆ ನೀಲಿ, ರಸ್ತೆ, ಗುಡ್ಡ, ಊರ ಹೆಸರು. ಮಿಕ್ಕಿದ್ದು ಬಿಳಿ.

ಆ ಬಿಳಿಯಲ್ಲಿ ಏನಿತ್ತೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಅಮೃತ ಮಹಲ್ ಕಾವಲುಗಳು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು, ಅದರ ಎತ್ತುಗಳು ತೋಪಿನ ಗಾಡಿ ಎಳೆದವು. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಅಂದರೆ ನಾನು ಮೇಲೆ ಹೇಳಿದ ಹರಿವಿನ ಪಟ್ಟಿ ನಮ್ಮ ಹಳೆಯ ಸರ್ಕಾರದ ದಫ್ತರಿನಲ್ಲಿ ಇತ್ತು! ನಕ್ಷೆಗೆ ಮಾತ್ರ ಏರಲಿಲ್ಲ. ಈ ಸೀಮೆಯಲ್ಲೇ ಕಿಲಾರಿಗಳು ಮ್ಯಾಸಬೇಡರ ದೇವರ ಎತ್ತುಗಳನ್ನು ಮೇಯಿಸಿಕೊಂಡು ಬಂದಿದ್ದಾರೆ. ಕುರಿ ಇದೆ, ಕುರಿಯಿಂದ ಚಳ್ಳಕೆರೆಯ ಕಂಬಳಿ ಇದೆ. ನಕ್ಷೆಯಲ್ಲಿ ಕಾವಲು ಎಂಬ ಹೆಸರು ಅಲ್ಲಲ್ಲಿ ಬಂದರೂ ಯಾವ ತಿಂಗಳು ಯಾರ ದನ ಎಂಬುದಕ್ಕೆ ಗುರುತಿಲ್ಲ.

2007ರಿಂದೀಚೆಗೆ ಖುದಾಪುರ, ಉಳ್ಳಾರ್ತಿ ಸುತ್ತಲಿನ ಸುಮಾರು ಒಂಬತ್ತು-ಹತ್ತು ಸಾವಿರ ಎಕರೆ ಕಾವಲನ್ನು ಡಿಆರ್‌ಡಿಒ, ಭಾಭಾ ಅಣುಶಕ್ತಿ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವಕ್ಕೆ ಕೊಟ್ಟರು. ವಿಜ್ಞಾನ ಸಂಸ್ಥೆಯ ಪಾಲು 1,500 ಎಕರೆ. ಆ ಸಂಸ್ಥೆಗಳ ಕೆಲಸ ದೇಶಕ್ಕೆ ಬೇಡವೆಂದು ನಾನು ಹೇಳಲಾರೆ. ಆದರೆ ಕೊಡುವ ಮುನ್ನ ಆ ನೆಲದ ಲೆಕ್ಕದಲ್ಲಿ ಹುಲ್ಲಿನ ಮನೆ ಖಾಲಿಯಿತ್ತು, ಅದನ್ನು ಸೊನ್ನೆಯೆಂದು ಓದಿಕೊಂಡರು ಎಂಬುದು ನನ್ನ ತಕರಾರು. ಮೇಯಿಸುವವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟುವ ಹೊತ್ತಿಗೆ ಗೋಡೆಗಳು ಎದ್ದಿದ್ದವು.

ಈಗಿನ ಉಪಗ್ರಹ ಚಿತ್ರದಲ್ಲಿ ಆ ಗೋಡೆಗಳು ನೇರ ಗೆರೆಗಳಾಗಿ ಕಾಣುತ್ತವೆ. ಗೋಡೆಯ ಹೊರಗೆ, ಚಿತ್ರವನ್ನು ಸಾಕಷ್ಟು ಹಿಗ್ಗಿಸಿದರೆ, ಕೂದಲಿನಷ್ಟು ತೆಳುವಾದ ಕಾಲುದಾರಿಗಳಿವೆ. ಕುರಿ ನಡೆದ ದಾರಿಗಳು. ಕೆಲವು ಗೋಡೆಯವರೆಗೆ ನೇರ ಬಂದು, ಅಲ್ಲಿಂದ ಅದರ ಪಕ್ಕದಲ್ಲೇ ತಿರುಗಿ ಹೋಗುತ್ತವೆ.